ಹಿಂದಿನ ಮನೆಯ ಬಾಗಿಲು

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಶಾಂತಕುಮಾರಿ ಆ ಗೋಡೆಯಲ್ಲಿ ಬಾಗಿಲು ಕೊರೆದುಬಿಟ್ಟಿದ್ದಳು. ದೊಡ್ಡ ಬಾಗಿಲೇನಲ್ಲ, ಕಿರುಬೆರಳಿನ ಉಗುರಿಗಿಂತ ಸಣ್ಣದು. ಬ್ಲೇಡಿನ ತುದಿಯಿಂದ ಮೂರು ಗೀರು, ಉಗುರಿನಿಂದ ಒಂದು ನೂಕು, ಆಮೇಲೆ ಹಸಿರು ಬಣ್ಣ ಹಚ್ಚಿದ ಕಾಗದದ ಚೂರನ್ನು ಅಂಟಿಸಿದ್ದು, ಅಷ್ಟೆ. ಮನೆಗೆ ಬಂದು ಮೊಸರನ್ನ ಕಲಸುವಾಗ ಬೆರಳಿನ ತುದಿಯಲ್ಲಿ ಹಸಿರು ಹಾಗೇ ಇತ್ತು, ತಿಕ್ಕಿದರೂ ಹೋಗಲಿಲ್ಲ. ಬೆಳಿಗ್ಗೆ ಗಂಡ ಇನ್ನೂ ಪೇಪರು ಓದುತ್ತಿದ್ದಾಗಲೇ ಇಂದಿರಾನಗರದಲ್ಲಿ ಆಟೋ ಹತ್ತಿದವಳ ಕಣ್ಣಿಗೆ ದಾರಿಯುದ್ದಕ್ಕೂ ಬಾಗಿಲುಗಳೇ ಬೀಳುತ್ತಿದ್ದವು. ಮರ್ಫಿ ಟೌನಿನಲ್ಲಿ ನೇರ ಬೀದಿಗೆ ತೆರೆದುಕೊಂಡು ಒಳಗಿನ ಟೀವಿ, ಮಂಚ, ಮಂಚದ ಮೇಲಿನ ಅಜ್ಜಿ ಎಲ್ಲವನ್ನೂ ಹೋಗಿಬರುವವರಿಗೆ ತೋರಿಸುವ ಬಾಗಿಲುಗಳು. ಹಲಸೂರು ಕೆರೆ ದಾಟಿದ ಮೇಲೆ ಸೆಕ್ಯುರಿಟಿಯವನನ್ನು ಕೂರಿಸಿಕೊಂಡು ಏನನ್ನೂ ತೋರಿಸದ ಗೇಟುಗಳು. ಅರವತ್ತಾರು ವರ್ಷದ ಹೆಂಗಸು, ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ನಿವೃತ್ತಿಯವರೆಗೂ ಮೇಲಿನವರ ಸಹಿ ಇಲ್ಲದೆ ಒಂದು ಗೆರೆಯನ್ನೂ ಎಳೆಯದವಳು, ಮ್ಯೂಸಿಯಮ್ಮಿನ ಗೋಡೆಗೆ ಕನ್ನ ಹಾಕಿದಳು ಎಂದರೆ ಯಾರು ನಂಬುತ್ತಾರೆ? ಕನ್ನ ಎನ್ನುವ ಮಾತು ಹೊಳೆದು ಅವಳಿಗೇ ನಗು ಬಂತು. ಆಟೋದವನು ಕನ್ನಡಿಯಲ್ಲಿ ನೋಡಿದ. ಅವಳು ಕೆಮ್ಮಿದಳು.

ಮಧ್ಯಾಹ್ನ ಗಾಜು ಬರುವುದಿತ್ತು. ಸಂಕಟವೆಲ್ಲ ಅದರದ್ದೇ. ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ಹೊಸದಾಗಿ ಶುರುವಾಗಲಿದ್ದ ಆ ಚಿಕ್ಕ ಮ್ಯೂಸಿಯಮ್ಮಿನ ಹಜಾರದ ತುಂಬ ಅವಳು ಎರಡು ವರ್ಷದಿಂದ ಕಿರುಮಾದರಿಯಲ್ಲಿ ಕಟ್ಟಿದ ಊರು ಹರಡಿಕೊಂಡಿತ್ತು. ದಂಡು. ರೈಲು ನಿಲ್ದಾಣದಲ್ಲಿ ಈಗ ಹೆಸರು ಕೂಗುವ ಕಂಟೋನ್ಮೆಂಟ್ ಅಲ್ಲ. ಆಚೆ ಮಹಾರಾಜರ ಸೀಮೆ, ಈಚೆ ಇಂಗ್ಲಿಷರ ಸೀಮೆ ಎಂದು ಒಂದೇ ಬೆಂಗಳೂರು ಎರಡಾಗಿದ್ದ ಕಾಲದಲ್ಲಿ ಗಡಿಗೆ ಆತುಕೊಂಡು ಬೆಳೆದ ಊರು. ಗಡಿ ಅಳಿಸಿ ಹತ್ತು ವರ್ಷ ಕಳೆದರೂ ಅದು ನಂಬದೆ, ಚಿಕ್ಕಪೇಟೆಗೆ ಹೊರಟವರೆಲ್ಲ 'ಸಿಟಿಗೆ ಹೋಗಿ ಬರ್ತೀನಿ' ಎಂದು ಪರದೇಶಕ್ಕೆ ಹೊರಟವರ ಹಾಗೆ ಹೇಳುತ್ತಿದ್ದ ಆ ಊರು ಈಗ ಮುಕ್ಕಾಲು ಇಲ್ಲ. ಅದನ್ನು ಅವಳು ಮತ್ತೆ ಕಟ್ಟಿದ್ದಳು. ಅವಳ ಕೆಲಸದ ಮೇಜು ನೋಡಿದವರು ಒಗ್ಗರಣೆಗೆ ತಯಾರಿ ನಡೆದಿದೆ ಎಂದುಕೊಳ್ಳಬೇಕು: ಮರಗಳಿಗೆ ಒಣಗಿದ ಹೀರೇಕಾಯಿಯ ನಾರು, ಮಣ್ಣಿಗೆ ಚಹಾಪುಡಿ, ಮನೆಗಳ ಮುಂದಿನ ಮಡಕೆಗಳಿಗೆ ಸಾಸಿವೆ, ಕಲ್ಲುಗಳಿಗೆ ಬೂದುಬಣ್ಣ ಹಚ್ಚಿದ ಎಳ್ಳು. ಕಾಂಪೌಂಡಿನ ಮೇಲೆ ನೆಟ್ಟ ಗಾಜಿನ ಚೂರುಗಳಿಗೆ ಅಭ್ರಕದ ಪುಡಿಯನ್ನು ಕೂದಲಿನ ಕುಂಚದಲ್ಲಿ ಎಳೆದಿದ್ದಳು. ಜನರನ್ನು ಮಾತ್ರ ಇಡಲಿಲ್ಲ. ಜನ ಇಟ್ಟರೆ ದಸರಾ ಗೊಂಬೆಯಾಗುತ್ತದೆ ಎಂದು ಸುಗತ ಬೇಡವೆಂದಿದ್ದ. ಸುಗತ ಮ್ಯೂಸಿಯಮ್ಮನ್ನು ನೋಡಿಕೊಳ್ಳುವವನು, ಅವಳ ಅರ್ಧ ವಯಸ್ಸಿನವನು, ಒಳ್ಳೆಯವನು. ಇವತ್ತು ಗಾಜಿನ ಮುಚ್ಚಳ ಕೂರಿಸಿ ಅಂಚಿಗೆಲ್ಲ ಅಂಟು ಹಾಕಿಬಿಟ್ಟರೆ ಈ ಊರನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಇದ್ದದ್ದು ಇದ್ದ ಹಾಗೆ, ಇಲ್ಲದ್ದು ಇಲ್ಲದ ಹಾಗೆ ಉಳಿಯುತ್ತದೆ. ಆ ಬಾಗಿಲು ಇದ್ದದ್ದರ ಸಾಲಿಗೆ ಸೇರಬೇಕು ಎನ್ನುವುದಷ್ಟೇ ಅವಳಿಗೆ ಬೇಕಾಗಿದ್ದುದು.

ಯಾಕೆಂದರೆ ಅವಳು ಬದುಕಿದ್ದೇ ಆ ಬಾಗಿಲಿನಿಂದ. ಶಿವಾಜಿನಗರದ ಗಾಡಿಖಾನೆ ಗಲ್ಲಿಯಲ್ಲಿ ಅವಳು ಹುಟ್ಟಿದ ವಾರಕ್ಕೇ ಅಮ್ಮ ಬಾಣಂತಿ ಜ್ವರ ಏರಿ ಆಸ್ಪತ್ರೆ ಸೇರಿದಳಂತೆ. ಹಸುವಿನ ಹಾಲು ಕೂಸಿಗೆ ಇಳಿಯುತ್ತಿರಲಿಲ್ಲ, ಇಳಿದರೂ ನಿಲ್ಲುತ್ತಿರಲಿಲ್ಲ. ಮನೆಯ ಹಿಂಗೋಡೆಗೆ ಬೆನ್ನು ಕೊಟ್ಟುಕೊಂಡಿದ್ದ, ಆಚೆ ಬೀದಿಗೆ ಮುಖ ಮಾಡಿದ್ದ ಮನೆ ಬಟನ್ನು ಲೇಸಿನ ವ್ಯಾಪಾರಿ ಅಹ್ಮದ್ ಪಾಷಾ ಅವರದು. ಅವರ ಹೆಂಡತಿ ಮೆಹರುನ್ನೀಸಾಗೆ ಆಗ ಹಸನ್ ಎಂಬ ಮೂರು ತಿಂಗಳ ಮಗ. ಆಕೆ ಒಂದು ಕಡೆ ಹಸನ್, ಒಂದು ಕಡೆ ಶಾಂತಕುಮಾರಿ ಎಂದು ಹಾಲು ಕೊಟ್ಟು ಬದುಕಿಸಿದರು. ಇದನ್ನು ಅಮ್ಮ ಹೇಳಿದ್ದು ಬಹಳ ವರ್ಷ ಕಳೆದ ಮೇಲೆ, ಅದೂ ಹುಣಸೆಹಣ್ಣು ಬಿಡಿಸುತ್ತ, ತಲೆ ಎತ್ತದೆ. "ಹಿಂದಿನ ಮನೆಯವರ ಋಣ ಕಣೇ ನಿಂದು. ಹಿತ್ತಲಿಂದ ಆಗೋದು ಎಲ್ಲಾ. ನಿಮ್ಮಜ್ಜಿಗೆ ಗೊತ್ತಿಲ್ಲ, ಬಾಯಿ ಬಿಡಬೇಡ." ಹಿತ್ತಲು ಎಂದ ತಕ್ಷಣ ಶಾಂತಕುಮಾರಿಗೆ ಬಾಗಿಲು ಕಂಡಿತ್ತು. ಹೊಸದಾಗಿ ಕಂಡಿದ್ದಲ್ಲ, ಮೊದಲಿನಿಂದಲೂ ಇದ್ದ ನೆನಪು ಅದು: ಹಸಿರು ಹಲಗೆಯ ಗಿಡ್ಡ ಬಾಗಿಲು, ಕೈಗೆ ತಣ್ಣಗೆ ತಾಗುವ ಕಬ್ಬಿಣದ ಚಿಲಕ, ತಲೆ ಬಗ್ಗಿಸಿ ಒಳಗೆ ನುಗ್ಗಿದರೆ ಒದ್ದೆ ನೆಲದ ವಾಸನೆ. ಆ ಬಾಗಿಲಿಂದ ತನ್ನನ್ನು ಎತ್ತಿಕೊಂಡು ಹೋಗುತ್ತಿದ್ದರು. ಜ್ಯಾಮಿತಿಯಲ್ಲಿ ಹೇಳುವ ಹಾಗೆ, ಎರಡು ಮನೆ, ನಡುವೆ ಗೋಡೆ, ಒಂದು ಮಗು. ಬಾಗಿಲಿಲ್ಲದೆ ಲೆಕ್ಕ ಬಿಡುವುದಿಲ್ಲ.

ಅಪ್ಪನನ್ನು ಕೇಳಿದ್ದಳು. ಅಪ್ಪ ಯಜ್ಞನಾರಾಯಣ, ವಿಮಾ ಕಚೇರಿಯ ಗುಮಾಸ್ತರು, ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆಯದವರು, ಮಾತಾಡದವರು. ಹುಡುಗಿಯಾಗಿದ್ದಾಗ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ, ಇಂದಿರಾನಗರದ ಮನೆಯ ಜಗುಲಿಯಲ್ಲಿ ರೇಡಿಯೋ ಕಿವಿಗಿಟ್ಟುಕೊಂಡು ಕೂರುತ್ತಿದ್ದ ಅವರ ಕೊನೆಗಾಲದಲ್ಲಿ ಒಮ್ಮೆ. "ಅಪ್ಪಾ, ಗಾಡಿಖಾನೆ ಮನೆ ಹಿಂದೆ ಒಂದು ಬಾಗಿಲಿತ್ತಲ್ಲ." ಮೂರು ಸಲವೂ ಒಂದೇ ಉತ್ತರ: "ಬಾಗಿಲಿರಲಿಲ್ಲ. ಗೋಡೆ ಇತ್ತು." ಮೂರನೆಯ ಸಲ ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕೊಡಲು ತಂದ ಕಾಫಿಯನ್ನು ಅಡಿಗೆಮನೆಗೆ ವಾಪಸು ಒಯ್ದಿದ್ದಳು. ಬೇರೆಯವರ ಎದೆಹಾಲು ಮಗಳ ಹೊಟ್ಟೆ ಸೇರಬಹುದು, ಆದರೆ ಅದು ಬಂದ ದಾರಿಯನ್ನು ಬಾಯಲ್ಲಿ ಒಪ್ಪಿಕೊಳ್ಳುವುದಿಲ್ಲ ಈ ಮನುಷ್ಯ! ಅವಳ ಮದುವೆಯ ದಿನ ಮೆಹರುನ್ನೀಸಾ ಬಂದಿದ್ದರು. ಛತ್ರದ ಬಾಗಿಲಲ್ಲೇ ಒಂದು ಕಬ್ಬಿಣದ ಕುರ್ಚಿ ಹಾಕಿ ಅಪ್ಪ ಅವರನ್ನು ಕೂರಿಸಿದ್ದನ್ನು, ತಾನೇ ಲೋಟದಲ್ಲಿ ಜ್ಯೂಸು ತಂದುಕೊಟ್ಟದ್ದನ್ನು, ಒಳಗೆ ಕರೆತರದೇ ಹೋದದ್ದನ್ನು ಮಂಟಪದ ಮೇಲಿನಿಂದ ಅವಳು ನೋಡಿದ್ದಳು. ಬಾಸಿಂಗ ಕಟ್ಟಿದ ತಲೆಯನ್ನು ಹೊರಳಿಸಬೇಡ ಎಂದು ಯಾರೋ ಗದರಿದ್ದರಿಂದ ಅವಳೂ ಎದ್ದು ಹೋಗಲಿಲ್ಲ. ಆಮೇಲೆ ಕುರ್ಚಿ ಖಾಲಿಯಾಗಿತ್ತು. ಕಾಗದದಲ್ಲಿ ಸುತ್ತಿದ ಹಸಿರು ಸೀರೆಯೊಂದು ಉಡುಗೊರೆಗಳ ರಾಶಿಯಲ್ಲಿತ್ತು. ಅಪ್ಪ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಚಿಕ್ಕಪ್ಪನ ಮಗ ಪ್ರತಿ ವರ್ಷ ಎಳ್ಳುನೀರು ಬಿಡುತ್ತಾನೆ, ಅವಳು ಹೋಗಿ ಎಲೆಯ ಮುಂದೆ ಕೂತು ಊಟ ಮಾಡಿ ಬರುತ್ತಾಳೆ. ವಡೆ ತಿನ್ನುವಾಗಲೂ ಆ ಕುರ್ಚಿ ನೆನಪಾಗುತ್ತದೆ.

"ಮೇಡಂ, ಇದು ಯಾವಾಗ ಬಂತು?"

ಸುಗತ ಕೈ ಹಿಂದೆ ಕಟ್ಟಿಕೊಂಡು ಊರಿನ ಮೇಲೆ ಬಗ್ಗಿದ್ದ. ಅವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಯಾವುದು?"

"ಹಸಿರುದು. ಗಾಡಿಖಾನೆ ಗಲ್ಲಿ ಹಿಂದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಅಲ್ಲಿ ಇತ್ತಪ್ಪಾ ಅದು."

"ಸರ್ವೆ ನಕ್ಷೆಲಿ ಇಲ್ವಲ್ಲ?"

"ಸರ್ವೆಯವರು ಬಂದು ಹಿತ್ತಲು ನೋಡ್ತಾರಾ?"

"ಮೇಡಂ, ರೂಲ್ ಮಾಡಿದ್ದು ನೀವೇ," ಅವನ ದನಿಯಲ್ಲಿ ತುಂಟತನವೂ ಇತ್ತು, ಸಂಕೋಚವೂ ಇತ್ತು. "ನಕ್ಷೆ ಇರ್ಬೇಕು, ಇಲ್ಲ ಫೋಟೋ ಇರ್ಬೇಕು, ಎರಡೂ ಇಲ್ಲಾಂದ್ರೆ ಇಬ್ರು ಹಳಬರು ಹೇಳ್ಬೇಕು ಅಂತ. ಪಾಪ, ಆ ಮೀಸೆ ತಾತ ಬಂದು ನಮ್ಮನೆಗೆ ಇನ್ನೊಂದು ಮಹಡಿ ಹಾಕಿ ಅಂತ ಎಷ್ಟು ಗೋಗರೆದ್ರು! ನೀವು ಕರಗ್ಲಿಲ್ಲ."

"ಇಬ್ಬರಲ್ಲಿ ಒಬ್ಬಳು ನಾನು."

"ಸರಿ. ಇನ್ನೊಬ್ರು?"

"ಬರ್ತಾರೆ. ಗಾಜು ಬರೋದ್ರೊಳಗೆ ಬರ್ತಾರೆ."

ಬರುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗಾಡಿಖಾನೆ ಗಲ್ಲಿಯನ್ನು ಯಾವತ್ತೋ ರಸ್ತೆ ನುಂಗಿತ್ತು. ಬಟನ್ನಿನ ಅಂಗಡಿ ಮಾತ್ರ ಬೇರೆ ಬೀದಿಯಲ್ಲಿ ಉಳಿದಿತ್ತು, ಅಲ್ಲಿ ವಿಚಾರಿಸಿ ಹಸನ್‌ನ ನಂಬರು ತಂದು ಹೋದ ವಾರ ಫೋನು ಮಾಡಿದ್ದಳು. "ಯಾವ ಶಾಂತಾ?" ಎಂದಿತ್ತು ಆ ಕಡೆಯ ದನಿ. ಯಾವ ಶಾಂತಾ! ಇಂದಿರಾನಗರಕ್ಕೂ ಅವರಿರುವ ಬೆನ್ಸನ್ ಟೌನಿಗೂ ಎಷ್ಟು ದೂರ? ಒಂದು ಬಸ್ಸು ಹತ್ತಿ ಇಳಿಯುವಷ್ಟು. ನಲವತ್ತು ವರ್ಷದಲ್ಲಿ ಆ ಬಸ್ಸನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ. ಅಪ್ಪ ಬಾಯಿ ಬಿಡಲಿಲ್ಲ ಎಂದು ದೂರುವವಳು ತಾನೇನು ಬಿಟ್ಟಂತಾಯಿತು? ಹೇಗೆ ಹೇಳುವುದು ಎಂದು ತಡವರಿಸುತ್ತಿದ್ದಾಗಲೇ ಹಿಂದಿನಿಂದ ಒಂದು ಮುದಿ ದನಿ "ಕೌನ್ ರೇ?" ಎಂದು ಕೇಳಿತು, ಅವನು ಏನೋ ಹೇಳಿದ, ಆ ದನಿ ಒಮ್ಮೆಲೇ ಹರಿತವಾಗಿ "ಗಾಡಿಖಾನೆ ಶಾಂತಾ? ಅಯ್ಯೋ, ಅವಳನ್ನ ಹಿಡ್ಕೋ, ಫೋನ್ ಇಡಬೇಡ!" ಎಂದಿತು. ಶಾಂತಕುಮಾರಿ ಫೋನು ಹಿಡಿದುಕೊಂಡು ಅಡಿಗೆಮನೆಯ ಕಟ್ಟೆಗೆ ಒರಗಿ ಅತ್ತುಬಿಟ್ಟಿದ್ದಳು. ಬದುಕಿದ್ದಾರೆ ಎಂಬುದೇ ಅವಳಿಗೆ ದೊಡ್ಡದಾಗಿತ್ತು. ಬಾಗಿಲಿನ ವಿಷಯ ಮಾತ್ರ ಫೋನಿನಲ್ಲಿ ಎತ್ತಲಿಲ್ಲ. ಬಂದು ಕಣ್ಣಾರೆ ನೋಡಲಿ, ತಾವೇ ಬೆರಳಿಟ್ಟು 'ಇದೇ' ಅನ್ನಲಿ. ಆಗ ಎಲ್ಲರೆದುರು ಹೇಳುತ್ತೇನೆ, ಇಲ್ಲಿಂದ ನಾನು ಬದುಕಿದೆ ಎಂದು. ಅಪ್ಪ ಮುಚ್ಚಿಟ್ಟಿದ್ದನ್ನು ಗಾಜಿನ ಕೆಳಗೆ ಊರಿಗೆಲ್ಲ ಕಾಣುವ ಹಾಗೆ ತೆರೆದಿಡುತ್ತೇನೆ. ಕೃತಜ್ಞತೆಯ ಜೊತೆಗೆ ಒಂದು ಚಿಟಿಕೆ ಹಗೆಯೂ ಕಲೆತಿತ್ತು ಎಂದು ಅವಳಿಗೆ ತಿಳಿದಿತ್ತು. ಅಪ್ಪನ ಜೊತೆಗಿನ ಜಗಳ ಸತ್ತ ಮೇಲೂ ಮುಗಿಯುವುದಿಲ್ಲ, ಎದುರು ವಾದ ಹೇಳುವವರಿಲ್ಲ ಅಷ್ಟೆ.

ಹನ್ನೆರಡರ ಹೊತ್ತಿಗೆ ಅವರು ಬಂದರು. ಮೊದಲು ಒಳಗೆ ಬಂದದ್ದು ಹಸನ್. ದಪ್ಪಗೆ, ಬಿಳಿಗಡ್ಡ, ಕೈಯಲ್ಲಿ ಬಟ್ಟೆಚೀಲ; ಅವನ ತೋಳು ಹಿಡಿದು ಕಪ್ಪು ಬುರ್ಖಾದಲ್ಲಿ ಒಂದು ಹಿಡಿಯಷ್ಟಾಗಿದ್ದ ಮೆಹರುನ್ನೀಸಾ. ಛತ್ರದ ಕುರ್ಚಿಯಲ್ಲಿ ಕೂತಿದ್ದ ಎತ್ತರದ ಹೆಂಗಸು ಎಲ್ಲಿ ಹೋದಳು ಎಂದು ಶಾಂತಕುಮಾರಿ ಬಾಗಿಲ ಕಡೆ ಇನ್ನೊಮ್ಮೆ ನೋಡಿದಳು. ಕಾಲಿಗೆ ಬೀಳಲು ಬಗ್ಗಿದವಳನ್ನು ಮುದುಕಿ ತಡೆದು, ಎರಡೂ ಕೈಯಲ್ಲಿ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಹಣೆಗೆ ಒತ್ತಿ ಲಟಿಕೆ ಮುರಿದರು.

"ತಲೆ ಬೆಳ್ಳಗಾಗಿಬಿಟ್ಟಿದೆಯಲ್ಲ ಬೇಟಿ."

"ಆಗದೇ ಇರುತ್ತಾ ಖಾಲಾ, ನಿಮ್ಮ ಹಸನ್ ಗಡ್ಡ ನೋಡಿ."

"ಅವನದು ಬಿಡು, ಅವನು ಮುದುಕ."

ಮುದುಕಿ ಮಗನ ಕೈಯ ಚೀಲಕ್ಕೆ ಕೈ ಹಾಕಿ ಬಾಳೆಹಣ್ಣಿನ ಚಿಪ್ಪೊಂದನ್ನು ತೆಗೆದರು. "ಸೊಸೆ ಸಿಹಿ ಮಾಡ್ತೀನಿ ಅಂದ್ಲು. ನಾನೇ ನಕ್ಕೋ, ಬೇಡ ಅಂದೆ. ನಿಮ್ಮನೇಲಿ ಹಣ್ಣು ಆದ್ರೆ ತಗೋತಾರೆ." ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಮೊದಲಿಂದ ಬಂದ ರೂಢಿ, ಅಷ್ಟೆ: ಹಿಂದಿನ ಮನೆಯಿಂದ ಹಬ್ಬಕ್ಕೆ ಬರುತ್ತಿದ್ದದ್ದು ಹೆಚ್ಚದ ಹಣ್ಣು, ಒಡೆಯದ ತೆಂಗಿನಕಾಯಿ. ಆ ಎದೆಯ ಹಾಲು ಕುಡಿದವಳಿಗೆ ಸಿಪ್ಪೆ ಇರುವ ಹಣ್ಣೇ ಯೋಗ್ಯ ಎಂದು ಎಂಬತ್ತೆಂಟರ ವಯಸ್ಸಿನಲ್ಲೂ ನೆನಪಿಟ್ಟುಕೊಂಡು ತಂದಿದ್ದಾರೆ. ಶಾಂತಕುಮಾರಿಗೆ ನಿಂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಒಂದು ಹಣ್ಣು ಮುರಿದು, ಸುಲಿದು, ಸುಗತ ನೋಡುತ್ತಿದ್ದಂತೆಯೇ ನಿಂತುಕೊಂಡೇ ತಿಂದಳು. "ಮುಂದಿನ ಸಲ ಸಿಹಿನೇ ತರ್ಬೇಕು ಖಾಲಾ," ಎಂದಳು ಬಾಯಿ ತುಂಬಿಕೊಂಡು. "ನಾನೇ ನಿಮ್ಮನೆಗೆ ಬಂದು ತಿಂತೀನಿ." ಮುದುಕಿ ಖುಷಿಯಿಂದ ತಲೆಯಾಡಿಸಿದರು.

ಆಮೇಲೆ ಊರು ನೋಡಲು ಶುರುವಾಯಿತು. ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಮೇಜಿನ ಅಂಚು ಹಿಡಿದು, ರಸೆಲ್ ಮಾರ್ಕೆಟ್ಟಿನಿಂದ ಹೊರಟು ಗಲ್ಲಿ ಗಲ್ಲಿಯಾಗಿ ಮೆಹರುನ್ನೀಸಾ ನಡೆದರು.

"ಯಾ ಅಲ್ಲಾ, ಏನು ಚೊಕ್ಕ ಇಟ್ಟಿದೀಯ! ನಮ್ಮ ಗಲ್ಲಿ ಇಷ್ಟು ಸಾಫ್ ಯಾವತ್ತಿತ್ತು? ಮೋರಿ ಎಲ್ಲಿ?"

"ಇದೆ ಅಮ್ಮಾ, ಕಪ್ಪು ಗೆರೆ ನೋಡಿ," ಎಂದ ಸುಗತ.

"ಗೆರೆ ಇದ್ರೆ ಏನಾಯ್ತು, ವಾಸನೆ ಇಲ್ವಲ್ಲ." ನಗುತ್ತ ಇನ್ನೂ ಬಗ್ಗಿದರು. "ಇದು ನಲ್ಲಿ. ನಲ್ಲಿ ಪಕ್ಕ ನಮ್ಮನೆ. ಹಸನ್, ದೇಖ್, ನಮ್ಮನೆ. ಮಾಡಿನ ಹೆಂಚು ಕೂಡ ಹಾಕಿದಾಳೆ." ದನಿ ಸಣ್ಣಗಾಯಿತು. ಹಸನ್ ಅಮ್ಮನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ಇಷ್ಟು ಸಿಕ್ಕಿದ್ದೇ ಸಾಕು, ಇನ್ನೇನೂ ಕೇಳುವುದು ಬೇಡ ಎಂದುಕೊಳ್ಳುತ್ತಲೇ ಶಾಂತಕುಮಾರಿ ಕಡ್ಡಿಯ ತುದಿಯಿಂದ ಹಿಂಗೋಡೆಯನ್ನು ತೋರಿಸಿದಳು.

"ಇಲ್ಲಿ ನೋಡಿ ಖಾಲಾ."

"ಇದೇನಿದು ಹಸಿರು?"

"ಬಾಗಿಲು. ನಮ್ಮನೆಯಿಂದ ನಿಮ್ಮನೆಗೆ."

"ಬಾಗಿಲಾ?" ಮುದುಕಿ ತಲೆ ಎತ್ತಿ ಅವಳ ಮುಖ ನೋಡಿದರು. "ಅಲ್ಲಿ ಬಾಗಿಲೆಲ್ಲಿತ್ತು ಬೇಟಿ? ಅಲ್ಲಿ ಗೋಡೆ ಇತ್ತು."

ಅಪ್ಪನೇ ರೇಡಿಯೋ ಪಕ್ಕಕ್ಕಿಟ್ಟು ಹೇಳಿದ ಹಾಗಿತ್ತು.

"ಹಸಿರು ಬಾಗಿಲು ಖಾಲಾ. ಗಿಡ್ಡದು. ಕಬ್ಬಿಣದ ಚಿಲಕ ಇತ್ತು. ನಾನು ತಲೆ ಬಗ್ಗಿಸ್ಕೊಂಡು ಬರ್ತಿದ್ದೆ, ನಂಗೆ ಚೆನ್ನಾಗಿ ನೆನಪಿದೆ."

ಹಸನ್ ಇದ್ದಕ್ಕಿದ್ದಂತೆ ನಕ್ಕ. ಅಲ್ಲಿಯವರೆಗೂ 'ನೀವು' ಎನ್ನುತ್ತಿದ್ದವನು ನಗುವಿನಲ್ಲಿ ಅದನ್ನು ಮರೆತ. "ಏಯ್ ಶಾಂತಾ, ಅದು ನಮ್ಮ ಕಕ್ಕಸಿನ ಬಾಗಿಲು! ನೀನು ಆಟ ಆಡ್ತಾ ಒಳಗೆ ಸೇರ್ಕೊಂಡು ಚಿಲಕ ಹಾಕ್ಕೊಂಡು ತೆಗೆಯೋಕೆ ಬರದೆ ಬಾಯಿ ಬಡ್ಕೊಂಡಿದ್ದೆ. ನಮ್ಮ ಅಬ್ಬಾ ಅಂಗಡಿಯಿಂದ ಓಡಿ ಬಂದು ಚಿಲಕ ಕಿತ್ತು ಬಿಸಾಕಿದ್ರು."

ಸುಗತ ನಕ್ಕು, ಅವಳ ಮುಖ ನೋಡಿ ನಿಲ್ಲಿಸಿದ. ಅವಳಿಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷ ದೇವರ ಮನೆಯ ಬಾಗಿಲಿನ ಹಾಗೆ ಎದೆಯೊಳಗಿಟ್ಟುಕೊಂಡು, ಅದಕ್ಕಾಗಿ ಅಪ್ಪನ ಮೇಲೆ ಸಿಟ್ಟು ಕಟ್ಟಿಕೊಂಡು, ಕಳ್ಳತನದಲ್ಲಿ ಕೊರೆದು ಬಣ್ಣ ಹಚ್ಚಿದ್ದು ಕಕ್ಕಸಿನ ಬಾಗಿಲು! ಒದ್ದೆ ನೆಲದ ವಾಸನೆಯೂ ಸರಿಹೋಯಿತು. ಅಳಬೇಕೋ ನಗಬೇಕೋ ತಿಳಿಯದೆ ಸ್ಟೂಲಿನ ಮೇಲೆ ಕೂತಳು.

"ಮತ್ತೆ ನನ್ನನ್ನ ನಿಮ್ಮ ಹತ್ರ ಹೇಗೆ ತರ್ತಿದ್ರು?"

ಮೆಹರುನ್ನೀಸಾ ನಗುತ್ತಿರಲಿಲ್ಲ. "ನಿಮ್ಮಪ್ಪಾಜಿ ಹೇಳಿಲ್ವಾ?"

"ಇಲ್ಲ. ಬಾಗಿಲಿರಲಿಲ್ಲ, ಗೋಡೆ ಇತ್ತು ಅಂದ್ರು. ಮೂರು ಸಲ ಕೇಳಿದ್ರೂ ಅಷ್ಟೇ."

"ಸರಿಯಾಗೇ ಹೇಳಿದಾರಲ್ಲ ಮತ್ತೆ." ಮುದುಕಿ ಅವಳ ಪಕ್ಕದ ಕುರ್ಚಿಯಲ್ಲಿ ನಿಧಾನ ಕೂತು ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಗೋಡೆ ನನ್ನ ತಲೆಗಿಂತ ಮೇಲಿತ್ತು. ಮೇಲೆಲ್ಲ ಗಾಜಿನ ಚೂರು. ನಿಮ್ಮ ಕಡೆ ಒಂದು ಬಟ್ಟೆ ಒಗೆಯೋ ಕಲ್ಲು, ನಮ್ಮ ಕಡೆ ಒಂದು. ನಿಮ್ಮಪ್ಪ ಇಷ್ಟಗಲ ಜಾಗದಲ್ಲಿ ಗಾಜು ಕುಟ್ಟಿ ತೆಗೆದ್ರು. ಕೈ ಕೊಯ್ಕೊಂಡು ರಕ್ತ ಬಂತು, ಚಿಕ್ಕಮುನಿಯಮ್ಮ ಅಂತ ನಿಮ್ಮನೆ ಕೆಲಸದೋಳು ಅರಿಶಿನ ಹಾಕಿದ್ಲು. ಅವಳೇ ನಂಗೆ ಹೇಳಿದ್ದು. ಗೋಡೆ ಮೇಲೆ ಗೋಣಿ ಮಡಿಸಿ ಹಾಕೋರು. ಕಲ್ಲು ಹತ್ತಿ ನಿನ್ನನ್ನ ಎತ್ತಿ ಈ ಕಡೆ ಕೊಡೋರು, ನಾನು ಈ ಕಡೆ ಕಲ್ಲು ಹತ್ತಿ ತಗೋತಿದ್ದೆ. ನಂಗಾಗ ಗೋಷಾ. ಪರಪುರುಷರು ಮುಖ ನೋಡಂಗಿಲ್ಲ. ಪಾಪ, ಅವರು ಕತ್ತು ಆ ಕಡೆ ತಿರುಗಿಸ್ಕೊಂಡು, ಕಣ್ಣು ಮುಚ್ಕೊಂಡು ಮಗು ಕೊಡೋರು. ನಾನು ಕೈ ತಾಗಿಸಿ 'ಹೂಂ' ಅಂದ ಮೇಲೇ ಬಿಡೋರು. ಬೆಳಿಗ್ಗೆ, ಸಂಜೆ. ಒಳಗೆ ನಿಮ್ಮಜ್ಜಿ, ಮಗ ಹಿತ್ತಲಲ್ಲಿ ಸಂಧ್ಯಾವಂದನೆ ಮಾಡ್ತಿದಾನೆ ಅಂದ್ಕೋತಿದ್ರಂತೆ. ಮಧ್ಯಾಹ್ನ ಅವರು ಆಫೀಸು, ಆವಾಗ ಚಿಕ್ಕಮುನಿಯಮ್ಮ."

"ಅಪ್ಪ?" ಎಂದಳು ಶಾಂತಕುಮಾರಿ.

"ಆಮೇಲೆ ಹೋಗಿ ತಲೆ ಮೇಲೆ ನೀರು ಸುರ್ಕೊಳ್ಳೋರು. ಶಬ್ದ ಕೇಳ್ತಿತ್ತು ನಂಗೆ. ಬೇಜಾರಾಗಿಲ್ಲ ಅಂದ್ರೆ ಸುಳ್ಳಾಗುತ್ತೆ ಬೇಟಿ. ನನ್ನ ಕೈ ತಾಗಿದ್ದಕ್ಕೆ ನೀರಾ ಅಂತ ಅತ್ತಿದೀನಿ. ಅಷ್ಟಾದ್ರೂ ಒಂದು ದಿನ ತಪ್ಪಿಸ್ಲಿಲ್ಲ ಅವರು. ಮಳೆಲಿ ಒಂದು ಕೈಲಿ ಛತ್ರಿ, ಒಂದು ಕೈಲಿ ನೀನು, ಮೇಲಿಂದ ಜಾರೋ ಕಲ್ಲು. ನಮ್ಮೆಜಮಾನ್ರು ಒಂದಿನ ಬೀದಿಲಿ ಸಿಕ್ಕಿ ಹೇಳಿದ್ರು, ಸಾರ್, ಯಾಕಿಷ್ಟು ಕಷ್ಟ, ನಾನೇ ಗೋಡೆ ಒಡೆಸಿ ಒಂದು ಸಣ್ಣ ಬಾಗಿಲು ಇಡಿಸ್ತೀನಿ ಅಂತ. ನಿಮ್ಮಪ್ಪ ಏನಂದ್ರು ಗೊತ್ತಾ? 'ಬೇಡಿ ಪಾಷಾ ಸಾಹೇಬ್ರೇ. ಬಾಗಿಲಿಟ್ರೆ ನಮ್ಮಮ್ಮ ಬೀಗ ಹಾಕ್ತಾರೆ. ಗೋಡೆಗೆ ಯಾರು ಬೀಗ ಹಾಕ್ತಾರೆ?' ಅಂದ್ರು."

ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳಿಸಿತು. ಗಾಜು ಬಂತು ಅನ್ನಿಸುತ್ತೆ ಎಂದು ಸುಗತ ಮೆಲ್ಲಗೆ ಹೇಳಿ ಹೋದ. ಶಾಂತಕುಮಾರಿ ಕೂತೇ ಇದ್ದಳು. ಜಗುಲಿಯ ಮೇಲೆ ರೇಡಿಯೋ ಹಿಡಿದ ಮುದುಕನಿಗೆ ಅವಳು ಕೇಳಿದ್ದು ಬಾಗಿಲಿನ ಪ್ರಶ್ನೆ, ಅವರು ಕೊಟ್ಟದ್ದು ಬಾಗಿಲಿನ ಉತ್ತರ. ಹೇಗೆ ತರ್ತಿದ್ರಿ ಅಪ್ಪಾ ಎಂದು ಅವಳು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಇಲ್ಲ, ಆಗಲೂ ರೇಡಿಯೋ ತಿರುಗಿಸುತ್ತಿದ್ದರೇನೋ; ಅಜ್ಜಿಗೆ ಹೆದರಿದ ಮನುಷ್ಯ ಅಜ್ಜಿ ಸತ್ತ ಮೇಲೂ ಹೆದರುತ್ತಲೇ ಉಳಿದಿರಬಹುದು. ಆದರೆ ಆ ಕೈಗಳು ದಿನಕ್ಕೆ ಎರಡು ಸಲ ಗೋಡೆಯ ಮೇಲೆ ಚಾಚಿಕೊಂಡಿದ್ದವು, ಕಣ್ಣು ಮುಚ್ಚಿ, ಕಾಣದ ಇನ್ನೆರಡು ಕೈಗಳನ್ನು ನಂಬಿ. ನಡುವೆ ಎಲ್ಲಿಯೋ ಒಂದು ಕ್ಷಣ ತಾನು ಆ ಮನೆಯವಳೂ ಅಲ್ಲ, ಈ ಮನೆಯವಳೂ ಅಲ್ಲ, ಬರೀ ಗಾಳಿಯಲ್ಲಿ, ನಾಲ್ಕು ಕೈಗಳ ಮೇಲೆ ಇದ್ದೆ. ಅಷ್ಟು ಜೋಪಾನವಾಗಿ ತನ್ನನ್ನು ಬದುಕಿಸಿದ್ದಾರೆ ಎಂದು ತಿಳಿದು ಅವಳಿಗೆ ಕಣ್ಣು ತುಂಬಿ ಬಂತು. ಕಾಫಿ ವಾಪಸು ಒಯ್ದೆನಲ್ಲ ಅಪ್ಪಾ, ಎಂದಳು ಮನಸ್ಸಿನಲ್ಲಿ. ಬಿಸಿ ಇತ್ತು ಅದು, ನಿಮಗೆ ಬೇಕಾದಷ್ಟು.

"ನನ್ನ ಮದುವೇಲಿ ನಿಮ್ಮನ್ನ ಗೇಟಲ್ಲೇ ಕೂರ್ಸಿದ್ರು ಖಾಲಾ. ನಾನು ನೋಡಿದೆ. ಎದ್ದು ಬರಲಿಲ್ಲ."

"ಹೌ, ಒಳಗೆ ಕರೀಲಿಲ್ಲ," ಎಂದರು ಮೆಹರುನ್ನೀಸಾ ಸಹಜವಾಗಿ. "ಆದ್ರೆ ನಾನು ಜ್ಯೂಸು ಮುಗಿಸೋ ತನಕ ಪಕ್ಕದಲ್ಲೇ ನಿಂತಿದ್ರು, ಹುಡುಗಿ ತಂದೆ, ಅಷ್ಟು ಜನ ಕಾಯ್ತಿದ್ರೂ. ಕೂತ್ಕೊಳ್ಳಿ ಸಾರ್ ಅಂದೆ. ಕೂತ್ಕೊಳ್ಲಿಲ್ಲ. ಆವತ್ತೂ ನನ್ನ ಮುಖ ನೋಡ್ಲಿಲ್ಲ." ಊರಿನ ಕಡೆ ಕೈ ತೋರಿಸಿ, "ನಿಂಗೆ ಬೇಕೂಂದ್ರೆ ಆ ಬಾಗಿಲು ಇರ್ಲಿ ಬಿಡು ಬೇಟಿ. ಚೆನ್ನಾಗಿ ಕಾಣುತ್ತೆ. ನಾನು ಹೂಂ ಅಂತೀನಿ."

"ಬೇಡ ಖಾಲಾ."

ಅವಳು ಎದ್ದು ಮೇಜಿನ ದೀಪ ಹಚ್ಚಿದಳು. ಚಿಮುಟದ ತುದಿಯಿಂದ ಹಸಿರು ಕಾಗದ ಕಿತ್ತಳು, ರಂಧ್ರಕ್ಕೆ ಬಿರುಕು ಮೆತ್ತುವ ಲಪ್ಪ ತುಂಬಿ ಉಗುರಿನಿಂದ ಸವರಿ ಸುಣ್ಣದ ಬಣ್ಣ ಕೊಟ್ಟಳು. ಗೋಡೆ ಮೊದಲಿನ ಹಾಗೆ ಗೋಡೆಯಾಯಿತು. ಅದರ ನೆತ್ತಿಯ ಅಭ್ರಕದ ಹೊಳಪನ್ನು ಒಂದು ಮಗು ಹಾಯುವಷ್ಟು ಅಗಲಕ್ಕೆ, ಎಂದರೆ ಸೂಜಿಯ ಮೊನೆಯಷ್ಟಕ್ಕೆ, ಉಸಿರು ಬಿಗಿಹಿಡಿದು ಕೆರೆದಳು. ಆಮೇಲೆ ಡಬ್ಬಿಯಿಂದ ಎರಡು ಎಳ್ಳು ಆರಿಸಿಕೊಂಡಳು. ಆ ಅಳತೆಗೆ ಎಳ್ಳು ಸರಿಯಾಗಿ ಒಂದು ಒಗೆಯುವ ಕಲ್ಲು. ಒಂದನ್ನು ಈಚೆ ಹಿತ್ತಲಲ್ಲಿ ಗೋಡೆಗೆ ತಾಗಿಸಿ ಇಟ್ಟಳು. ಅಪ್ಪನಿಗೆ ತನ್ನ ಕೈಯಾರೆ ಎಳ್ಳು ಬಿಡುವುದು ಅವಳಿಗೆ ಇದೇ ಮೊದಲು. ಇನ್ನೊಂದನ್ನು ಚಿಮುಟದಲ್ಲಿ ಹಿಡಿದು ಮೆಹರುನ್ನೀಸಾರ ಕಡೆ ನೋಡಿದಳು.

"ನಿಮ್ಮ ಕಲ್ಲು ಎಲ್ಲಿತ್ತು ಖಾಲಾ?"

"ಅದರೆದುರಿಗೇ. ಸ್ವಲ್ಪ ನಲ್ಲಿ ಕಡೆ. ಹಾಂ, ಅಲ್ಲೇ."

ಗಾಜು ಹೊತ್ತವರು ಬಾಗಿಲಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದರು. ಸುಗತ ಹಿಂದಿನಿಂದ ಬಂದು ಬಗ್ಗಿ ನೋಡಿದ. ಹಸಿರು ಹೋಗಿದ್ದು ಕಂಡಿತು, ಎಳ್ಳೂ ಕಂಡಿತು.

"ಕಲ್ಲುಗಳಾ ಮೇಡಂ? ಇವೂ ನಕ್ಷೆಲಿ ಇಲ್ಲ," ಎಂದ, ಈ ಸಲ ತುಂಟತನವಿಲ್ಲದೆ. "ಇಬ್ರು ಹೇಳ್ಬೇಕಲ್ಲ. ಅಮ್ಮ ಹೇಳಿದ್ರು, ನಾನೇ ಕೇಳಿದೆ. ಇನ್ನೊಬ್ರು ನೀವಾ? ನಿಮಗೆ ನೆನಪಿಲ್ವಲ್ಲ."

"ನಾನಲ್ಲ," ಎಂದಳು ಶಾಂತಕುಮಾರಿ. "ನಮ್ಮಪ್ಪ. ಅಲ್ಲಿ ಬಾಗಿಲಿರಲಿಲ್ಲ ಅಂತ ಅವರು ಮೂರು ಸಲ ಹೇಳಿದಾರೆ."

ಸುಗತ ಅವಳನ್ನೂ ಮುದುಕಿಯನ್ನೂ ನೋಡಿ, ಸರಿ ಎಂದು ತಲೆಯಾಡಿಸಿ, ಗಾಜಿನವರಿಗೆ ದಾರಿ ಬಿಟ್ಟ. ಅವರು ಆ ದೊಡ್ಡ ಮುಚ್ಚಳವನ್ನು ತಲೆಯ ಮೇಲೆತ್ತಿ ಊರಿನ ಮೇಲೆ ಹಿಡಿದರು. ಈ ತುದಿಯವನು 'ಹಿಡ್ದಿದೀಯಾ?' ಎಂದು ಕೇಳಿದ, ಆ ತುದಿಯವನು 'ಹೂಂ' ಎಂದ, ಆಮೇಲೆ ಇಬ್ಬರೂ ನಿಧಾನವಾಗಿ ಇಳಿಸಿದರು.